ಅಪ್‌ಡೇಟ್: ನಾರ್ವೆ ಕ್ರೂಸ್ ಮುಗಿಸಿ ಬಂದೆವು

ಹಡಗು ನಿಲ್ಲುವ ಬರ್ಗೆನ್, ಫ್ಲಾಮ್ ಎರಡೂ ಊರುಗಳಲ್ಲಿ ಹಡಗಿನವರ ಟೂರನ್ನೇ ತಗೊಳ್ಳಬೇಕಾ, ನಾವೇ ಸುತ್ತಬಹುದಾ ಎಂದು ಕೇಳಿದ್ದೆ. ಅರ್ಧರ್ಧ ಮಾಡಿದೆವು.

ಫ್ಲಾಮ್‌ನ ರೈಲು ಟೂರನ್ನು ಹಡಗಿನಲ್ಲೇ ಬುಕ್ ಮಾಡಿದೆವು. ದುಬಾರಿ ನಿಜ. ಆದರೆ ಅವರದೇ ಟೂರ್ ತಡವಾದರೆ ಹಡಗು ಕಾಯುತ್ತದೆ. ಅಮ್ಮ ಜೊತೆಗಿದ್ದರಿಂದ ಆ ಧೈರ್ಯ ಬೇಕಿತ್ತು. 20 ಕಿ.ಮೀ. ದಾರಿ, ರೈಲು ಬೆಟ್ಟ ಹತ್ತಲು ಸುಮಾರು ಒಂದು ಗಂಟೆ. ನಡುವೆ ಕ್ಯೋಸ್‌ಫೊಸೆನ್ ಜಲಪಾತದ ಹತ್ತಿರ ರೈಲು ನಿಲ್ಲಿಸಿ ಇಳಿಸುತ್ತಾರೆ. ತುಂತುರಿಗೆ ಅಮ್ಮನ ಸ್ವೆಟರ್ ಎಲ್ಲ ಒದ್ದೆ, ಖುಷಿ ಮಾತ್ರ ಚಿಕ್ಕ ಮಕ್ಕಳ ಹಾಗೆ!

ಬರ್ಗೆನ್‌ಗೆ ಟೂರ್ ಸುಮ್ನೆ ದಂಡ. ಬ್ರಿಗ್ಗೆನ್‌ನ ಹಳೇ ಮರದ ಮನೆಗಳು, ಮೀನು ಮಾರ್ಕೆಟ್, ಫ್ಲೋಯೆನ್ ಗುಡ್ಡ ಹತ್ತುವ ರೈಲು, ಎಲ್ಲ ನಡೆದೇ ಮುಗಿಯಿತು. ಮಳೆ ಮಾತ್ರ ಬಿಡಲಿಲ್ಲ. ಕೊಡೆ ಮರೀಬೇಡಿ ಎಂದವರಿಗೆ ಥ್ಯಾಂಕ್ಸ್.