ಹೆಲೀನ್ ನೀರು ಇಳಿದಿದೆ, ಈಗ ಎಲ್ಲಿಂದ ಶುರು ಮಾಡೋದು? ಅನುಭವ ಇದ್ದವರು ಹೇಳಿ

ಕೇಳಿದ್ದು: ಫ್ಲಾರಿಡಾದ ಟ್ಯಾಂಪಾ ಹತ್ತಿರ ನನ್ನ ತಮ್ಮನ ಮನೆ. 2024ರ ಹೆಲೀನ್ ಚಂಡಮಾರುತದಲ್ಲಿ ಮೊಣಕಾಲುದ್ದ ಸಮುದ್ರದ ನೀರು ಒಳಗೆ ಬಂದಿತ್ತು. ಗಂಡ ಹೆಂಡತಿ ಇಬ್ಬರೂ ಎಚ್‌-1ಬಿ (ಕೆಲಸದ) ವೀಸಾದವರು, ಮಗು ಅಲ್ಲೇ ಹುಟ್ಟಿದ್ದು. ಊರಿಂದ ಅಪ್ಪ ಅಮ್ಮನೂ ಹೋಗಿದ್ದಾರೆ.

ಹೂಸ್ಟನ್‌ನಿಂದ: 2017ರ ಹಾರ್ವೆ ಚಂಡಮಾರುತ ಕಂಡವಳು ನಾನು. ಆಡಿಕ್ಸ್, ಬಾರ್ಕರ್ ಜಲಾಶಯಗಳಿಂದ ನೀರು ಬಿಟ್ಟಾಗ ನಮ್ಮ ಕಡೆ ಮಳೆ ನಿಂತರೂ ನೀರು ಇಳಿಯಲಿಲ್ಲ. ಇನ್ಶೂರೆನ್ಸ್‌ಗೆ ತೋರಿಸೋಕೆ ಮೊದಲು ಫೋಟೊ, ಆಮೇಲೆ ಗುಡಿಸೋದು. ಗೋಡೆ ಮೇಲೆ ನೀರಿನ ಗೆರೆ ಇರುತ್ತಲ್ಲ, ಅಳತೆ ಟೇಪ್ ಹಿಡಿದು ಅದರ ಫೋಟೊ ತೆಗೆಯಿರಿ. ಫ್ರಿಜ್, ವಾಷಿಂಗ್ ಮೆಷಿನ್ನಿನ ಮಾಡೆಲ್ ನಂಬರ್ ಕೂಡ. ಕಾರ್ಪೆಟ್ ಎಸೆಯುವ ಮುಂಚೆ ಒಂದು ತುಂಡು ಕತ್ತರಿಸಿ ಇಟ್ಟುಕೊಳ್ಳಿ.

ಇನ್ಶೂರೆನ್ಸ್‌ನವರು ಬರಲಿ ಅಂತ ಒದ್ದೆ ಗೋಡೆಯನ್ನು ಹಾಗೇ ಬಿಟ್ಟು ಕಾಯಬೇಡಿ. ಒಂದೆರಡು ದಿನದಲ್ಲೇ ಬೂಷ್ಟು ಶುರು. ನೀರಿನ ಗೆರೆಗಿಂತ ಮೇಲಕ್ಕೆ ಗೋಡೆಗೆ ಹೊಡೆದ ಜಿಪ್ಸಮ್ ಹಲಗೆ, ಅಂದ್ರೆ ಶೀಟ್‌ರಾಕ್ ಕತ್ತರಿಸಿ, ಒಳಗಿನ ಇನ್ಸುಲೇಷನ್ (ಸೆಖೆ, ಚಳಿ ತಡೆಯುವ ಪದರ) ಕಿತ್ತು ಹಾಕಿ. ಮರದ ಚೌಕಟ್ಟು ಪೂರ್ತಿ ಒಣಗದೆ ಹೊಸ ಶೀಟ್ ಹೊಡೆಸಲೇಬೇಡಿ. ನಮ್ಮ ಪಕ್ಕದ ಮನೆಯವರು ಅವಸರ ಮಾಡಿ ಎರಡನೇ ಸಲ ಗೋಡೆ ಒಡೆಸಿದರು.

ಅಡುಗೆಮನೆಯಲ್ಲಿ ಸ್ಟೀಲ್ ಪಾತ್ರೆ ಉಳಿಯುತ್ತೆ. ಸೋಪಿನಲ್ಲಿ ತೊಳೆದು ಬ್ಲೀಚ್ ಬೆರೆಸಿದ ನೀರಲ್ಲಿ ಅದ್ದಿ ತೆಗೆದರೆ ಸಾಕು. ಚಪಾತಿ ಮಣೆ, ಲಟ್ಟಣಿಗೆ, ಮರದ ಸೌಟು ಹೋದವು ಅಂದುಕೊಳ್ಳಿ. ನೀರಲ್ಲಿ ಮುಳುಗಿದ ಉಪ್ಪಿನಕಾಯಿ ಬಾಟಲಿಯೂ ಅಷ್ಟೇ, ಮುಚ್ಚಳ ಎಷ್ಟೇ ಬಿಗಿಯಾಗಿರಲಿ. ಅಮ್ಮಂದಿರು ಇದಕ್ಕೆ ಒಪ್ಪೋದಿಲ್ಲ, ಅವರು ನೋಡದಾಗ ಎಸೆಯಿರಿ! ಒದ್ದೆಯಾದ ಮದುವೆ ಫೋಟೊಗಳನ್ನು ಕರೆಂಟ್ ಇರುವ ಗೆಳೆಯರ ಮನೆಯ ಫ್ರೀಜರ್‌ನಲ್ಲಿಡಿ. ಕೊಳೆಯೋದಿಲ್ಲ, ಬಿಡಿಸೋಕೆ ಆಮೇಲೆ ಸಮಯ ಸಿಗುತ್ತೆ.

ಡಲ್ಲಾಸ್‌ನಿಂದ: ವೀಸಾದವರು ಸುಮ್ನೆ ಕೈಕಟ್ಟಿ ಕೂರ್ತಾರೆ, ಅದಕ್ಕೇ ಬರೀತಿದ್ದೇನೆ. ಫೆಮಾದ (ಅಮೆರಿಕ ಸರ್ಕಾರದ ವಿಪತ್ತು ನೆರವು ಸಂಸ್ಥೆ) ನಗದು ನೆರವು ಎಚ್‌-1ಬಿಯವರಿಗೆ ನೇರವಾಗಿ ಇಲ್ಲ, ನಿಜ. ಆದರೆ ಜೊತೆಯಲ್ಲಿರುವ ಮಗು ಅಮೆರಿಕದ ಪ್ರಜೆ ಅಲ್ವಾ? ಅದರ ಹೆಸರಲ್ಲಿ, ಅದರ ಸೋಷಿಯಲ್ ಸೆಕ್ಯೂರಿಟಿ ನಂಬರ್ ಕೊಟ್ಟು ಅಪ್ಪ ಅಥವಾ ಅಮ್ಮ ಅರ್ಜಿ ಹಾಕಬಹುದು. ಊಟ, ನೀರು, ಶಿಬಿರದಲ್ಲಿ ಜಾಗಕ್ಕೆ ವೀಸಾ ಅಡ್ಡ ಬರೋದಿಲ್ಲ. ಅರ್ಜಿ ತಿರಸ್ಕಾರವಾದರೆ ಪತ್ರ ಪೂರ್ತಿ ಓದಿ. ಎಷ್ಟೋ ಸಲ ಒಂದು ಕಾಗದ ಕಮ್ಮಿ ಇರುತ್ತೆ, ಅಷ್ಟೇ. ಮಾಮೂಲಿ ಮನೆ ಇನ್ಶೂರೆನ್ಸ್ ಪ್ರವಾಹಕ್ಕೆ ಬರೋದಿಲ್ಲ, ಅದಕ್ಕೆ ಬೇರೆ ಪಾಲಿಸಿ ಇರಬೇಕು. ಇನ್ಶೂರೆನ್ಸ್‌ನವರು "ಆಗೋದಿಲ್ಲ" ಅಂದ ಪತ್ರವನ್ನೂ ಎತ್ತಿಡಿ, ಫೆಮಾ ಅದನ್ನು ಕೇಳುತ್ತೆ.

ಹೂಸ್ಟನ್‌ನಿಂದ ಇನ್ನೊಬ್ಬರು: 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಬಂದಾಗ ನಮ್ಮ ಮನೆಗೆ ನೀರು ಬರಲಿಲ್ಲ, ಕರೆಂಟ್ ಹೋಯಿತು. ಆ ಸೆಖೆಯಲ್ಲಿ ಅತ್ತೆ ಮಾವನಿಗೆ ಆಗಲಿಲ್ಲ. ಎಸಿ ಇರುವ ನೆಂಟರ ಮನೆಗೆ ಕಳಿಸಿದ್ದೇ ಒಳ್ಳೆಯದಾಯಿತು. ಬಿಪಿ, ಸಕ್ಕರೆ ಮಾತ್ರೆಯ ಪಟ್ಟಿ ಅವರ ಕೈಯಲ್ಲೇ ಇರಲಿ. ಜನರೇಟರ್ ಹಾಕಿದರೆ ಮನೆಯಿಂದ ದೂರ ಇಡಿ. ಬಾಗಿಲು ತೆರೆದ ಗ್ಯಾರೇಜಿನಲ್ಲೂ ಬೇಡ, ಅದರ ಹೊಗೆ ಕೊಲ್ಲುತ್ತೆ.

ಟ್ಯಾಂಪಾದಿಂದ: ಎಲೆಕ್ಟ್ರಿಕ್ ಕಾರು ಉಪ್ಪು ನೀರಲ್ಲಿ ಮುಳುಗಿದ್ದರೆ ಸ್ಟಾರ್ಟ್ ಮಾಡಬೇಡಿ, ಮನೆ ಪಕ್ಕ ನಿಲ್ಲಿಸಲೂಬೇಡಿ. ಬ್ಯಾಟರಿಗೆ ಎಷ್ಟೋ ದಿನದ ಮೇಲೂ ಬೆಂಕಿ ಹತ್ತಬಹುದು. ಮತ್ತೆ, ಬಾಗಿಲು ಬಡಿದು "ಇವತ್ತೇ ಸಹಿ ಹಾಕಿ" ಅನ್ನುವ ಕಂಟ್ರಾಕ್ಟರ್‌ಗೆ ಸಹಿಯೂ ಬೇಡ, ಪೂರ್ತಿ ಮುಂಗಡವೂ ಬೇಡ. ಫ್ಲಾರಿಡಾದಲ್ಲಿ ಲೈಸೆನ್ಸ್ ನಂಬರ್ ಆನ್‌ಲೈನ್‌ನಲ್ಲೇ ನೋಡಬಹುದು. ನಂಬರ್ ಕೇಳಿದ ಕೂಡಲೇ ಅರ್ಧ ಜನ ಹೊರಟುಹೋಗ್ತಾರೆ.