ಲೈಬ್ರರಿಗೆ ಬರುವ ಎರಡರಿಂದ ಐದು ವರ್ಷದ ಮಕ್ಕಳಿಗೆ ಕಥೆ, ಬಣ್ಣದಾಟ: ಹೇಗೆ ನಡೆಸಬೇಕು?

ಕಪಾಟಿನ_ಕೀಲಿ, ಚಿತ್ರದುರ್ಗ:

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ಹತ್ತಿರದ ಒಂದು ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಹಳ್ಳಿ ಲೈಬ್ರರಿ, ನೋಡಿಕೊಳ್ಳುತ್ತೇನೆ. ಶಾಲೆ ಮಕ್ಕಳು ಸಂಜೆ ಬರುತ್ತಾರೆ, ಮಕ್ಕಳನ್ನು ಓದಿಗೆ ಕರೆತರುವ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ ಜಾಸ್ತಿನೇ ಬರುತ್ತಾರೆ, ಅವರದ್ದೇನೂ ಚಿಂತೆ ಇಲ್ಲ. ಚಿಂತೆ ಅವರ ಬಾಲ ಹಿಡಿದು ಬರುವ ತಮ್ಮ ತಂಗಿಯರದು. ಅಕ್ಕ ಓದುತ್ತಾ ಕೂತರೆ ಈ ಚಿಕ್ಕವು ಕೆಳಗಿನ ಸಾಲಿನ ಪುಸ್ತಕವನ್ನೆಲ್ಲ ಎಳೆದು ಹಾಕಿ, ಮೇಲೆ ಕೂತು, ಒಂದು ಹಾಳೆ ಬಾಯಿಗೂ ಇಟ್ಟುಕೊಂಡಿರುತ್ತವೆ. ಗದರಿಸಲು ಮನಸ್ಸಿಲ್ಲ. ಅವರಿಗೂ ಏನಾದರೂ ಮಾಡೋಣ ಅಂತ.

ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ಇದೆಯಲ್ಲ, ಆಗ ಶುರು ಮಾಡುವ ಯೋಚನೆ. ಅದಕ್ಕೆ ಮೂರು ದಿನ ಮುಂಚೆ, 11ಕ್ಕೆ ಒನಕೆ ಓಬವ್ವ ಜಯಂತಿ. ಹಾಗಾಗಿ ಮೊದಲು ಓಬವ್ವನ ಕಥೆ, ಆಮೇಲೆ ಚಿತ್ರ ಬಿಡಿಸುವ ಸ್ಪರ್ಧೆ, ಬಹುಮಾನ. ಒಟ್ಟು ಒಂದು ಗಂಟೆ. ಸರಿ ಹೋಗುತ್ತದಾ? ಕೈಯಲ್ಲಿ ದುಡ್ಡು ಕಡಿಮೆ, ಇರೋದು ಒಂದೇ ಕೋಣೆ. ಇನ್ನೊಂದು ವಿಷಯ, ತಾಂಡಾದ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತಾಡುತ್ತಾರೆ, ಕೆಲವರದ್ದು ಉರ್ದು. ಕನ್ನಡದ ಕಥೆ ಎಷ್ಟು ಮುಟ್ಟುತ್ತದೋ ಗೊತ್ತಿಲ್ಲ. ಅನುಭವ ಇದ್ದವರು ಹೇಳಿ.

ಟೀಚರಮ್ಮ, ಹೊಳಲ್ಕೆರೆ ಕಡೆ:

ಸರ್, ಅಂಗನವಾಡಿಯಲ್ಲಿ ಇದೇ ವಯಸ್ಸಿನವರ ಜೊತೆ ದಿನ ಕಳೆಯುವವಳು ನಾನು. ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಒಂದು ಗಂಟೆ ಆಗದ ಮಾತು. ಎರಡು ವರ್ಷದ ಮಗು ಒಂದು ಕಡೆ ಐದು ನಿಮಿಷ ಕೂತರೆ ಅದೇ ದೊಡ್ಡದು. ನಾಲ್ಕು ದಾಟಿದವರು ಹತ್ತು ನಿಮಿಷ ಕೇಳುತ್ತಾರೆ, ಅದೂ ಕಥೆಯಲ್ಲಿ ಅವರಿಗೂ ಮಾತಿದ್ದರೆ. ಒಟ್ಟು ಅರ್ಧ ಗಂಟೆ ಇಟ್ಟುಕೊಳ್ಳಿ, ಬಣ್ಣ ಸೇರಿಸಿ.

ಸ್ಪರ್ಧೆ ಮಾತ್ರ ದಯವಿಟ್ಟು ಬೇಡ. ಮೂರು ವರ್ಷದ ಮಗು ಗೀಚಿದ್ದರಲ್ಲಿ ಫಸ್ಟ್ ಯಾವುದು, ಸೆಕೆಂಡ್ ಯಾವುದು? ಕೊನೆಗೆ ಅಮ್ಮಂದಿರೇ ಕೈ ಹಿಡಿದು ಬಿಡಿಸುತ್ತಾರೆ, ಬಹುಮಾನವೂ ಅಮ್ಮಂದಿರಿಗೇ ಬಂದ ಹಾಗೆ. ಒಂದು ಕಡೆ ಮಕ್ಕಳ ಕಾರ್ಯಕ್ರಮ ಅಂತ ಕರೆದು, ಅತಿಥಿಗಳ ಭಾಷಣ ಮುಗಿಯುವಷ್ಟರಲ್ಲಿ ಮಕ್ಕಳೆಲ್ಲ ನಿದ್ದೆ ಹೋಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಸಪ್ತಾಹಕ್ಕೆ ಅಂತ ಮಾಡಿದರೆ ನಿಮ್ಮದೂ ಹಾಗೇ ಆಗುತ್ತದೆ. ವಾರಕ್ಕೊಂದು ದಿನ, ಅದೇ ಹೊತ್ತು, ಅದೇ ಜಮಖಾನ. ಬೆಳಿಗ್ಗೆ ಹತ್ತೂವರೆ ಒಳ್ಳೆಯದು. ಮಧ್ಯಾಹ್ನ ಆದರೆ ಚಿಕ್ಕವಕ್ಕೆ ನಿದ್ದೆ, ಹಸಿವು, ರಂಪ.

ಶುರುವಿಗೆ ಒಂದು ಹಾಡು, ಪ್ರತಿ ವಾರವೂ ಅದೇ. ಮುಗಿಸಲು ಇನ್ನೊಂದು, ಅದೂ ಬದಲಾಗಬಾರದು. ಹಾಡು ಬಂತು ಅಂದರೆ ಕೂರಬೇಕು, ಹಾಡು ಬಂತು ಅಂದರೆ ಚಪ್ಪಲಿ ಹಾಕಿಕೊಳ್ಳಬೇಕು, ಇಷ್ಟು ಗೊತ್ತಾದರೆ ಗದ್ದಲ ಅರ್ಧ ಇಳಿಯುತ್ತದೆ. ನಡುವೆ ಒಂದು ಪುಸ್ತಕ, ಆಮೇಲೆ ಕುಣಿತ, ಆಮೇಲೆ ಅದೇ ಪುಸ್ತಕ ಇನ್ನೊಮ್ಮೆ. ಹೌದು, ಅದೇ. ದೊಡ್ಡವರಿಗೆ ಬೇಜಾರು, ಅವರಿಗಲ್ಲ. ಎರಡನೇ ಸಲ ಮುಂದೇನು ಬರುತ್ತದೆ ಅಂತ ಮಗುವಿಗೆ ಮೊದಲೇ ಗೊತ್ತಿರುತ್ತದೆ, ಆಗಲೇ ಬಾಯಿ ಬಿಡುವುದು. ಮುಗಿದ ಮೇಲೆ "ಈ ಕಥೆಯ ನೀತಿ ಏನು ಮಕ್ಕಳೇ" ಅಂತ ಕೇಳಬೇಡಿ. ಮೂರು ತುಂಬದವರ ಜೊತೆ ಅಮ್ಮನೋ ಅಜ್ಜಿಯೋ ಇರಲೇಬೇಕು, ಮಡಿಲಲ್ಲಿ ಕೂರಿಸಿಕೊಂಡು.

ಮಂಡಕ್ಕಿ_ಮಿರ್ಚಿ, ದಾವಣಗೆರೆ:

ಟೀಚರ್ ಹೇಳಿದ್ದು ನೂರಕ್ಕೆ ನೂರು. ಬಣ್ಣದ ವಿಷಯ ನಾನು ಹೇಳುತ್ತೇನೆ, ನಮ್ಮ ಬಡಾವಣೆಯ ಮಕ್ಕಳ ಜೊತೆ ಮಾಡುತ್ತಿರುತ್ತೇನೆ.

ದುಡ್ಡು ಬೇಕೇ ಬೇಕು ಅಂತಿಲ್ಲ. ಬೆಂಡೆಕಾಯಿಯ ತೊಟ್ಟಿನ ಕಡೆ ಅಡ್ಡಕ್ಕೆ ಕತ್ತರಿಸಿ ಬಣ್ಣಕ್ಕೆ ಅದ್ದಿ ಒತ್ತಿದರೆ ಐದು ಎಸಳಿನ ಹೂವು ಬೀಳುತ್ತದೆ. ಹಾಗಲಕಾಯಿದು ಇನ್ನೂ ಚೆಂದ, ಅಂಚೆಲ್ಲ ಮುಳ್ಳು ಮುಳ್ಳು. ಬಣ್ಣವನ್ನು ತಟ್ಟೆಗೆ ಸುರಿಯಬೇಡಿ. ಹಳೇ ಬಟ್ಟೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ತಟ್ಟೆಯಲ್ಲಿಟ್ಟು, ಅದಕ್ಕೆ ಬಣ್ಣ ಕುಡಿಸಿ. ಚೆಲ್ಲುವುದಿಲ್ಲ, ಅಚ್ಚೂ ಸ್ಪಷ್ಟ ಬರುತ್ತದೆ.

ಮಕ್ಕಳ ಬಾಯಿ ಮುಚ್ಚಿಸುವ ಆಟ ಅಂದರೆ ಅರಿಶಿನ. ನೀರಲ್ಲಿ ಕಲಸಿ ಬಿಳಿ ಹಾಳೆಗೆ ಪೂರ್ತಿ ಬಳಿಯಲು ಬಿಡಿ, ಒಣಗಲಿ. ಆಮೇಲೆ ಅಡುಗೆ ಸೋಡಾ ಕದಡಿದ ನೀರಲ್ಲಿ ಹತ್ತಿ ಅದ್ದಿ ಕೊಡಿ. ಮುಟ್ಟಿದಲ್ಲೆಲ್ಲ ಹಳದಿ ಹೋಗಿ ಕಂದುಗೆಂಪು ಏಳುತ್ತದೆ. ಅರಿಶಿನದ ಕಲೆಗೆ ಸೋಪು ಹಚ್ಚಿದಾಗ ಸೀರೆ ಕೆಂಪಾಗುತ್ತದಲ್ಲ, ಇದೂ ಅದೇ. ಸುಣ್ಣ ಹಾಕಿದರೆ ಇನ್ನೂ ಗಾಢ ಬರುತ್ತದೆ, ಆದರೆ ಮಕ್ಕಳ ಕೈಗೆ ಸುಣ್ಣ ಬೇಡವೇ ಬೇಡ, ಕಣ್ಣಿಗೆ ಬಿದ್ದರೆ ಅನಾಹುತ. ಹಳೇ ಅಂಗಿ ಹಾಕಿ ಕಳಿಸಿ ಅಂತ ಮೊದಲೇ ಹೇಳಿರಿ, ಇಲ್ಲದಿದ್ದರೆ ಅಮ್ಮಂದಿರ ಬೈಗುಳ ನಿಮಗೇ.

ಕಲಸಿ ಆಡಲು: ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ಎರಡು ಚಮಚ ಎಣ್ಣೆ, ಚಪಾತಿ ಹಿಟ್ಟಿನ ಹದಕ್ಕೆ ನೀರು. ಇನ್ನು ದಾವಣಗೆರೆಯವರಾಗಿ ಮಂಡಕ್ಕಿ ಬಿಡುವುದು ಹೇಗೆ! ರಟ್ಟಿನ ಮೇಲೆ ಮೈದಾ ಅಂಟು ಸವರಿ ಮಂಡಕ್ಕಿ, ಶೇಂಗಾ, ಅವರೆಕಾಳು ಅಂಟಿಸಿದರೆ ಕುರಿಮರಿ ರೆಡಿ.

ಬಿಳಿಕೋಟು, ದಾವಣಗೆರೆ:

ಕುರಿಮರಿ ಚೆನ್ನಾಗಿದೆ ಮೇಡಂ, ಆದರೆ ಅಲ್ಲೇ ನಿಲ್ಲಿ. ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ನರ್ಸ್ ನಾನು. ಶೇಂಗಾ, ಅವರೆಕಾಳು, ಮಣಿ, ಗುಂಡಿ, ಇವು ಈ ವಯಸ್ಸಿನ ಮಕ್ಕಳ ಉಸಿರುನಾಳಕ್ಕೆ ಹೋಗುವ ವಸ್ತುಗಳಲ್ಲಿ ಮೊದಲ ಸಾಲಿನವು. ಕಾಳು ಮೂಗಿಗೆ ತುರುಕಿಕೊಂಡರೆ ಅಲ್ಲೇ ನೆನೆದು ಉಬ್ಬುತ್ತದೆ, ತೆಗೆಯುವುದು ಇನ್ನೂ ಕಷ್ಟ. ಮಂಡಕ್ಕಿಯೂ ಮೂರು ವರ್ಷದ ಒಳಗಿನವರಿಗೆ ಬೇಡ. ಗುಂಪಿನಲ್ಲಿ ಹತ್ತು ಹದಿನೈದು ಮಕ್ಕಳಿದ್ದಾಗ ಯಾವುದು ಏನು ಬಾಯಿಗೆ ಹಾಕಿತು ಅಂತ ಯಾರು ನೋಡುತ್ತಾರೆ? ಕಾಳಿನ ಬದಲು ಹಳೇ ಪೇಪರ್ ಹರಿದು ಅಂಟಿಸಲಿ. ಹರಿಯುವುದೇ ಅವರಿಗೆ ಹಬ್ಬ, ಬೆರಳಿಗೂ ಒಳ್ಳೆ ಕೆಲಸ.

ಮೈದಾ ಹಿಟ್ಟಿನಲ್ಲಿ ಅಷ್ಟು ಉಪ್ಪಿರುವುದರಿಂದ ತಿನ್ನಲು ಬಿಡಬೇಡಿ. ರಂಗೋಲಿ ಪುಡಿ ಬೇಡ, ಧೂಳು ಎದೆಗೆ ಹೋಗುತ್ತದೆ. ನಾಲ್ಕು ದಾಟಿದವರಿಗೆ ಮುರಿದ ಗಿಡ್ಡ ಕ್ರೇಯಾನ್ ಕೊಡಿ. ಮುಷ್ಟಿ ಮಾಡಲು ಜಾಗ ಇರುವುದಿಲ್ಲ, ತಾನಾಗೇ ಬೆರಳ ತುದಿಯಲ್ಲಿ ಹಿಡಿಯುತ್ತಾರೆ. ಚಿಕ್ಕವರಿಗೆ ದಪ್ಪದ್ದು, ಉದ್ದದ್ದು.

ಮಂಡಕ್ಕಿ_ಮಿರ್ಚಿ:

ಸರಿ, ಕಾಳು ವಾಪಸ್. ಮಂಡಕ್ಕಿಯನ್ನು ನಾಲ್ಕು ದಾಟಿದವರ ಟೇಬಲ್ಲಿಗೆ ಮಾತ್ರ ಇಟ್ಟುಕೊಳ್ಳುತ್ತೇನೆ, ಅದನ್ನು ಬಿಟ್ಟುಕೊಡಲ್ಲ 😄

ಬತೇರಿ_ಮೇಲಿನ_ಕೋತಿ, ಚಿತ್ರದುರ್ಗ:

ಓಬವ್ವನ ಬಗ್ಗೆ ಒಂದು ಮಾತು. ದುರ್ಗದವನಾಗಿ ನನಗೂ ಅವಳೆಂದರೆ ಪ್ರಾಣ, ಆದರೆ ಮೂರು ವರ್ಷದವರಿಗೆ ಕಿಂಡಿಯಲ್ಲಿ ನುಸುಳಿದವರ ತಲೆ ಒಡೆದು ಹೆಣ ರಾಶಿ ಹಾಕಿದ ಕಥೆ ಹೇಳಬೇಕಾ? ಹೈದರಾಲಿ ಯಾರು ಅಂತ ಅವರಿಗೆ ಗೊತ್ತಿಲ್ಲ. ಕಿಂಡಿ ಗೊತ್ತು, ಒನಕೆ ಗೊತ್ತು. ಅಷ್ಟನ್ನೇ ಇಟ್ಟುಕೊಳ್ಳಿ. ಫ್ರಿಜ್ಜಿನ ದೊಡ್ಡ ರಟ್ಟಿನ ಡಬ್ಬ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಅದಕ್ಕೆ ತೂತು ಕೊರೆದರೆ ಕಿಂಡಿ. ಮಕ್ಕಳು ಒಬ್ಬೊಬ್ಬರಾಗಿ ನುಸುಳಲಿ, ಉಳಿದವರು ನೆಲ ತಟ್ಟಿ ದುಬ್ ದುಬ್ ಅನ್ನಲಿ. ಪೂರ್ತಿ ಕಥೆ ಶಾಲೆಗೆ ಹೋದ ಮೇಲೆ ಹೇಗೂ ಬರುತ್ತದೆ.

ಟೀಚರಮ್ಮ:

ಇಲ್ಲ, ಇದು ನಾನು ಪೂರ್ತಿ ಒಪ್ಪಲ್ಲ. ಅಜ್ಜಿಯರು ಇದಕ್ಕಿಂತ ಭಯದ ಕಥೆ ಹೇಳಿಯೇ ನಮ್ಮನ್ನೆಲ್ಲ ಮಲಗಿಸಿದ್ದು. ಐದು ವರ್ಷದವರಿಗೆ ಓಬವ್ವನ ಧೈರ್ಯ ಹೇಳಬಹುದು, ಹೇಳುವ ಮುಖ ನೋಡಿ ಹೆದರುವುದು ಬಿಡುವುದು ನಿರ್ಧಾರ ಆಗುತ್ತದೆ. ಕಿಂಡಿ ಆಟಕ್ಕೆ ಮಾತ್ರ ನಂದೂ ಓಟು.

ಬತೇರಿ_ಮೇಲಿನ_ಕೋತಿ:

ಐದಕ್ಕೆ ಸರಿ ಟೀಚರ್, ನಾನು ಹೇಳಿದ್ದು ಎರಡು ಮೂರರ ಮಾತು. ಅವರಿಗೆ ಕೋಟೆ ಕೋತಿಯ ಕಥೆ ಸಾಕು. ಕೋತಿ ಒಬ್ಬೊಬ್ಬರ ಕೈಯಿಂದ ಒಂದೊಂದು ಕಿತ್ತುಕೊಳ್ಳುತ್ತದೆ. ಮಗುವಿನ ಬಾಳೆಹಣ್ಣು, ಅಜ್ಜನ ಟೋಪಿ, ಅಮ್ಮನ ಮಂಡಕ್ಕಿ ಪೊಟ್ಟಣ. ಪ್ರತಿ ಸಲ ಮಕ್ಕಳು "ಕೊಡೋ ಕೋತಿ" ಅನ್ನಬೇಕು, ನೀವು "ಕೊಡಲ್ಲ ಹೋಗು" ಅನ್ನಬೇಕು. ಅಷ್ಟೇ ಕಥೆ.

ಭಾಷೆಯ ಚಿಂತೆಗೂ ಮದ್ದು ಇದರಲ್ಲೇ ಇದೆ. ಆ ಒಂದು ಸಾಲು ಲಂಬಾಣಿಯಲ್ಲಿ ಹೇಗೆ ಅಂತ ತಾಂಡಾದ ಅಜ್ಜಿಯೊಬ್ಬರನ್ನು ಕೇಳಿ, ಅವರನ್ನೇ ಕರೆದು ಕೂರಿಸಿ. ಒಂದು ಸುತ್ತು ಕನ್ನಡ, ಒಂದು ಸುತ್ತು ಲಂಬಾಣಿ, ಒಂದು ಉರ್ದು. ಪುಸ್ತಕಕ್ಕೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್ ನೋಡಿ. 2015ರಿಂದ ಇದೆ, ಪುಕ್ಕಟೆ. ಕನ್ನಡ, ಉರ್ದು, ತೆಲುಗು ಎಲ್ಲ ಇದೆ, ಮಾತಿಲ್ಲದ ಬರೀ ಚಿತ್ರದ ಪುಸ್ತಕಗಳೂ ಇವೆ. ಮೊದಲ ಹಂತದ್ದು ಆರಿಸಿ, ಇಳಿಸಿಕೊಂಡು ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಓದುವಾಗ ಪುಸ್ತಕ ನಿಮ್ಮ ಕಡೆಗಲ್ಲ, ಅವರ ಕಡೆಗೆ ತಿರುಗಿರಬೇಕು. ಭುಜದ ಪಕ್ಕ ಹಿಡಿದು ಓರೆಗಣ್ಣಲ್ಲಿ ಓದುವುದು ಅಭ್ಯಾಸ ಆಗಬೇಕು ಅಷ್ಟೇ.

ಕಪಾಟಿನ_ಕೀಲಿ:

ಎಲ್ಲರಿಗೂ ಥ್ಯಾಂಕ್ಸ್. ಸ್ಪರ್ಧೆ ಕೈಬಿಟ್ಟೆ, ಸಪ್ತಾಹಕ್ಕೆ ಕಾಯುವುದೂ ಇಲ್ಲ. ಬರುವ ಶನಿವಾರ ಹತ್ತೂವರೆಗೆ ಕೋತಿ ಕಥೆ, ಬೆಂಡೆಕಾಯಿ ಅಚ್ಚು. ಅರಿಶಿನ ಮುಂದಿನ ವಾರ. ಕಿಂಡಿಗೆ ಡಬ್ಬ ಹುಡುಕಬೇಕು. ಒಂದು ಕೇಳೋದಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಹಾಗೆ ಮಣ್ಣಲ್ಲೇ ಏನಾದರೂ ಮಾಡಿಸಿದರೆ ಹೇಗೆ? ಮೈದಾಗಿಂತ ಅಗ್ಗ, ನಮ್ಮ ಕಡೆ ಎರೆಮಣ್ಣು ಬೇಕಾದಷ್ಟಿದೆ.

ಟೀಚರಮ್ಮ:

ಮಾಡಿಸಿ ಸರ್, ಮೈದಾಗಿಂತ ಅದೇ ಮೇಲು. ಬರೀ ಎರೆಮಣ್ಣು ಆರಿದ ಮೇಲೆ ಬಿರುಕು ಬಿಡುತ್ತದೆ, ಒಂದು ಪಾಲು ಸಣ್ಣ ಮರಳು ಸೇರಿಸಿ. ಹೊಲದ ಮಣ್ಣು ಬೇಡ, ಔಷಧಿ ಹೊಡೆದಿರುತ್ತಾರೆ, ಕೆರೆ ಕಡೆಯಿಂದ ತನ್ನಿ. ಹಿಂದಿನ ದಿನವೇ ಜರಡಿ ಹಿಡಿದು, ಕಲ್ಲು, ಗಾಜಿನ ಚೂರು ಆರಿಸಿ, ನೆನೆಸಿಡಿ. ಎತ್ತು ಮಾಡಿ ಅಂತ ಹೇಳಬೇಡಿ, ಉಂಡೆ ಕಟ್ಟಲಿ, ಹಾವು ಹೊಸೆಯಲಿ. ಕೈ ತೊಳೆಯಲು ಎರಡು ಬಕೆಟ್ ನೀರು ಬಾಗಿಲಾಚೆ ಇಡಿ, ಒಂದು ಸಾಲಲ್ಲ.