ಖಾಲಿ ಸೈಟಿನ ಉಣುಗು: ಇನ್ನೆಷ್ಟು ದಿನ?

ಸವಿತಾ (ಕೊನೆ ಮನೆ): ಇನ್ನು ಸುಮ್ನಿರೋಕೆ ಆಗಲ್ಲ. ರಾತ್ರಿ ಎರಡು ಗಂಟೆಗೆ ಮಗಳು ಅಳುತ್ತಾ ಎದ್ದಳು. ಟಾರ್ಚ್ ಹಿಡಿದು ನೋಡಿದರೆ ಕಿವಿ ಹಿಂದೆ ಉಣುಗು. ಎಳ್ಳಿನಷ್ಟಿದೆ, ಬಾಯಿ ಚರ್ಮದೊಳಗೆ ಹುಗಿದುಕೊಂಡಿದೆ. ಬೆಳಗಿನವರೆಗೂ ಅವಳ ಹಣೆ ಮುಟ್ಟಿ ನೋಡುತ್ತಾ ಕೂತಿದ್ದೆ. ಆ ಸೈಟಿನ ಪೊದೆ ಕಡಿಸಿ ಅಂತ ದೀಪಾವಳಿಯಿಂದ ಹೇಳುತ್ತಿದ್ದೇನೆ. ಯಾರಿಗೂ ಕೇಳಿಸಲ್ವಾ?

ಭಟ್ರು: ಸೈಟಿನ ಮಾತು ಆಮೇಲೆ. ಹಸು ಬಿಡುವವರು ಯಾರು ಅಂತ ಎಲ್ಲರಿಗೂ ಗೊತ್ತು. ಬೆಟ್ಟದಲ್ಲಿ ಮೇದು, ಮೈತುಂಬ ಉಣುಗು ಹೊತ್ತು ಸಂಜೆ ಇದೇ ರಸ್ತೆಯಲ್ಲಿ ಬರುತ್ತವೆ.

ನಾಯ್ಕರು: ನಮ್ಮ ಹಸು ಅಂತ ನೇರವಾಗಿ ಹೇಳಿ ಭಟ್ರೆ. ಹಾಲು ಬೇಕಾದಾಗ ಅದೇ ಹಸು ಒಳ್ಳೇದು. ಕಾಂಪೌಂಡ್ ಮೇಲೆ ದಿನಾ ಮಂಗಗಳಿಗೆ ಬಾಳೆಹಣ್ಣು ಇಡೋರು ಯಾರು?

ಭಟ್ರು: ಅದು ನಮ್ಮ ಮನೆಯ ಪದ್ಧತಿ. ಅದಕ್ಕೂ ಇದಕ್ಕೂ ಏನು ಸಂಬಂಧ?

ಶಾಲಿನಿ ಅಕ್ಕ: ಸಂಬಂಧ ಇದೆ. ನರ್ಸ್ ಆಗಿ ಹೇಳುತ್ತೇನೆ, ಜಗಳ ಬಿಟ್ಟು ಓದಿ. ಉಣುಗು ಕಚ್ಚಿ ಹರಡುವ ಜ್ವರ ಮಂಗನ ಕಾಯಿಲೆ. ಅದು ಮೊದಲು ಗೊತ್ತಾಗಿದ್ದೇ 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ಶಿರಸಿಗೆ ಅದು ದೂರದ ಊರಲ್ಲ. ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಉದುರಿ ಅಲ್ಲೇ ಹರಡುತ್ತದೆ. ಹಸುವಿಗೆ ಕಾಯಿಲೆ ಬರಲ್ಲ, ಆದರೆ ದೊಡ್ಡ ಉಣುಗು ಅದರ ರಕ್ತ ಕುಡಿದೇ ಬೆಳೆಯೋದು. ಮನುಷ್ಯರಿಗೆ ಹೆಚ್ಚಾಗಿ ಕಚ್ಚೋದು ಎಳೆಯವು, ಡಿಸೆಂಬರಿನಿಂದ ಮೇವರೆಗೆ ಅವು ಜಾಸ್ತಿ. ಕಚ್ಚಿದವರಿಗೆಲ್ಲ ಕಾಯಿಲೆ ಬರಲ್ಲ. ಆದರೆ 3ರಿಂದ 8 ದಿನದಲ್ಲಿ ಜೋರು ಜ್ವರ, ತಲೆನೋವು, ಮೈಕೈ ಮುರಿಯುವ ನೋವು ಬಂದರೆ ತಡ ಮಾಡಬಾರದು. ಉಣುಗು ಕಚ್ಚಿದ್ದನ್ನು ಡಾಕ್ಟರಿಗೆ ಹೇಳಲೇಬೇಕು. ಸವಿತಾ, ಮಗಳಿಗೆ ಜ್ವರ ಇದೆಯಾ?

ಸವಿತಾ (ಕೊನೆ ಮನೆ): ಇಲ್ಲ ಅಕ್ಕ. ಸದ್ಯಕ್ಕಿಲ್ಲ.

ಗುರು: ಫಾರ್ವರ್ಡ್ ಬಂದಿದೆ. "ಉಣುಗಿನ ಮೇಲೆ ಸೀಮೆಎಣ್ಣೆ ಹಾಕಿ, ತಾನೇ ಬಿಡುತ್ತದೆ. 10 ಜನಕ್ಕೆ ಕಳಿಸಿ."

ಶಾಲಿನಿ ಅಕ್ಕ: ದಯವಿಟ್ಟು ಹಾಗೆ ಮಾಡಬೇಡಿ. ಬೆಂಕಿಕಡ್ಡಿನೂ ಬೇಡ. ಸಣ್ಣ ಚಿಮುಟದಲ್ಲಿ ಉಣುಗನ್ನು ಚರ್ಮಕ್ಕೆ ತೀರಾ ಹತ್ತಿರದಲ್ಲಿ ಹಿಡಿದು ನಿಧಾನಕ್ಕೆ ನೇರ ಮೇಲೆ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ. ಆಮೇಲೆ ಸೋಪು ಹಾಕಿ ತೊಳೆಯಿರಿ. ದರಕು (ಒಣ ಎಲೆ) ಗುಡಿಸೋಕೆ ಸೊಪ್ಪಿನಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ) ಹೋಗುವವರು ಉಣುಗು ಹತ್ತದಂತೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಆಶಾ ಕಾರ್ಯಕರ್ತೆ ಹತ್ತಿರ ಕೇಳಿ. ಉದ್ದ ತೋಳಿನ ಅಂಗಿ ಹಾಕಿ. ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ.

ಗುರು: ಉಣುಗಿಗೂ ಸಂಘದ ಸದಸ್ಯತ್ವ ಕೊಡಿ, ಮೀಟಿಂಗಿಗೆ ಅದಾದರೂ ಬರುತ್ತದೆ 😄

ಸವಿತಾ (ಕೊನೆ ಮನೆ): ನಗುವ ವಿಷಯ ಅಲ್ಲ ಗುರು. ಭಾನುವಾರ ಬೆಳಿಗ್ಗೆ ಏಳಕ್ಕೆ ಎಲ್ಲರೂ ಕತ್ತಿ ಹಿಡಿದು ಬನ್ನಿ. ಪೊದೆ ಕಡಿದು, ಬೇಲಿ ಬುಡದ ತರಗೆಲೆ ತೆಗೆಯೋಣ. ಮಕ್ಕಳು ಆಡುವ ಕಡೆ ಹುಲ್ಲು ಸವರೋಣ.

ಭಟ್ರು: ಬೇರೆಯವರ ಸೈಟಿಗೆ ನುಗ್ಗಲು ಯಾರು ಅನುಮತಿ ಕೊಟ್ಟರು? ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ನಾಳೆ ಕೇಸ್ ಹಾಕಿದರೆ? ಮೊದಲು ಕಚೇರಿಗೆ ಅರ್ಜಿ ಕೊಡಿ. ನಾನೇ ಬರೆಯುತ್ತೇನೆ, ಹಸುವಿನ ವಿಷಯವನ್ನೂ ಸೇರಿಸಿ.

ನಾಯ್ಕರು: ಸೇರಿಸಿ, ಬಾಳೆಹಣ್ಣಿಂದೂ ಸೇರಿಸಿ. ನಾನು ಸಹಿ ಹಾಕಲ್ಲ.

ಶಾಲಿನಿ ಅಕ್ಕ: ನಾಯ್ಕರೆ, ಪಶು ವೈದ್ಯರಿಂದ ಹಸುವಿಗೆ ಉಣುಗಿನ ಔಷಧಿ ಹಾಕಿಸಿ. ಭಟ್ರೆ, ನೀವು ಹಣ್ಣು ಇಡೋದು ನಿಲ್ಲಿಸಿ. ಇಷ್ಟಕ್ಕೆ ಅರ್ಜಿ ಬೇಕಾ?

ಮೇಲ್ಮನೆ ಹೆಗಡೆ: ಅರ್ಜಿ ಬರೆಯೋದಾದರೆ ನೀರಿನ ವಿಷಯ ಮೊದಲು ಬರೆಯಿರಿ. ನಾಲ್ಕು ದಿನದಿಂದ ನಲ್ಲಿ ಬಂದಿಲ್ಲ.

ನಾಯ್ಕರು: ಹೌದು. ಇದಕ್ಕೆ ಸಹಿ ಹಾಕುತ್ತೇನೆ.

ಭಟ್ರು: ಸರಿ, ನೀರಿನ ಅರ್ಜಿ ಇವತ್ತೇ ಸಿದ್ಧ ಮಾಡುತ್ತೇನೆ. ಎಲ್ಲರೂ ಮನೆ ನಂಬರ್ ಕಳಿಸಿ.

ಸವಿತಾ (ಕೊನೆ ಮನೆ): ಭಾನುವಾರ ಯಾರು ಯಾರು ಬರುತ್ತೀರಿ?

ಗುರು: 14

ಮೇಲ್ಮನೆ ಹೆಗಡೆ: 9. ಟ್ಯಾಂಕರಿನವರ ನಂಬರ್ ಯಾರ ಹತ್ತಿರ ಇದೆ?